ತೌಡು ನೋಡುವ ಬಾಯಿ

ಆ ಲಾರಿಯ ತೌಡು ಕೆಟ್ಟದ್ದೇ ಆಗಿತ್ತು! ನನ್ನ ಮೊಮ್ಮಗಳು ಚೈತ್ರ ವಾಪಸ್ ಕಳಿಸಿದ ಲಾರಿ. ಇವತ್ತು ಮಧ್ಯಾಹ್ನ ಪರೀಕ್ಷೆಯ ಕಾಗದ ಬಂತು, ಅವಳು ಹೇಳಿದ್ದೇ ಸರಿ ಅಂತ ಅದರಲ್ಲಿ ಬರೆದಿದೆ, ಅವಳ ಕೆಲಸ ಉಳಿಯಿತು. ಉಳಿದದ್ದು ಮಾತ್ರವಲ್ಲ, ಇನ್ನು ಮುಂದೆ ಅವರ ಪಶು ಆಹಾರದ ಕಾರ್ಖಾನೆಗೆ ಬರುವ ತೌಡಿಗೆಲ್ಲ ಅವಳು ಹೂಂ ಅಂದರೆ ಮಾತ್ರ ಗೇಟು ತೆಗೆಯಬೇಕು ಅಂತ ಅವರ ಸಾಹೇಬರೇ ಹೇಳಿದರಂತೆ. ಫೋನು ಬಂದಾಗ ನಾನು ಅವರೆಕಾಯಿ ಬಿಡಿಸುತ್ತಿದ್ದೆ. ಮೊರ ಅಲ್ಲಿಯೇ ಬಿಟ್ಟು ಎದ್ದು ಎದುರು ಮನೆಯವರಿಗೆ ಹೇಳಿದೆ, ಮೂಲೆಯ ಇಸ್ತ್ರಿ ಅಂಗಡಿಯವನಿಗೆ ಹೇಳಿದೆ, ತರಕಾರಿ ಗಾಡಿಯವನನ್ನು ನಿಲ್ಲಿಸಿ ಅವನಿಗೂ ಹೇಳಿದೆ. ಇದು ದಾವಣಗೆರೆಯ ದೇವರಾಜ ಅರಸು ಬಡಾವಣೆ. ಇಲ್ಲಿ ಎಮ್ಮೆ ಕಟ್ಟುವವರು ಯಾರೂ ಇಲ್ಲ.

"ತೌಡು ಅಂದ್ರೆ ಯಾವ ಕಂಪನೀದಜ್ಜಿ?" ಅಂದ ಗಾಡಿಯವನು.

ಅವನ ವಯಸ್ಸಿಗೆ ಅದು ಗೊತ್ತಿರಬೇಕಾಗಿಲ್ಲ. ಭತ್ತದ ಮೇಲಿನ ಗಟ್ಟಿ ಸಿಪ್ಪೆ ಉಮಿ. ಅದು ಹೋದ ಮೇಲೆ ಅಕ್ಕಿಯ ಮೈಗೆ ಅಂಟಿಕೊಂಡ ಕೆಂಚು ಪೊರೆ ಒಂದಿರುತ್ತದೆ. ಅಕ್ಕಿ ಬೆಳ್ಳಗಾಗಲಿ ಅಂತ ಮಿಲ್ಲಿನಲ್ಲಿ ಅದನ್ನು ಉಜ್ಜಿ ತೆಗೆದಾಗ ಮೆತ್ತನೆಯ ಹಿಟ್ಟಿನಂತೆ ಉದುರುವುದೇ ತೌಡು. ಅಕ್ಕಿಯ ಜೀವವೆಲ್ಲ ಅದರಲ್ಲಿದೆ. ನಾವು ಬಿಳಿ ಅನ್ನ ಉಣ್ಣುತ್ತೇವೆ, ಜೀವ ಎಮ್ಮೆಗೆ ಹೋಗುತ್ತದೆ, ಎಮ್ಮೆ ಅದನ್ನು ಹಾಲು ಮಾಡಿ ನಮಗೇ ತಿರುಗಿ ಕೊಡುತ್ತದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತೌಡಿನಲ್ಲಿ ಮಾತ್ರ ಅದಕ್ಕಿಂತ ಹೆಚ್ಚು ಓದಿದ್ದೇನೆ. ಒಂದು ಸಲ ನಪಾಸಾಗಿಯೂ ಇದ್ದೇನೆ. ಚೈತ್ರ ಗೆದ್ದ ದಿನವೇ ಅದನ್ನು ಬರೆದಿಡಬೇಕು ಅನ್ನಿಸಿತು.

ನಮ್ಮ ಮನೆ ಹರಿಹರದಲ್ಲಿ, ಒಂದು ಅಕ್ಕಿ ಮಿಲ್ಲಿನ ಬೆನ್ನಿಗೆ ಇತ್ತು. ಮಿಲ್ಲಿನ ಹಿಂಗೋಡೆಯೇ ನಮ್ಮ ಹಿತ್ತಿಲಿನ ಗೋಡೆ. ಯಂತ್ರ ಶುರುವಾದರೆ ಅಡುಗೆ ಮನೆಯ ಗೂಡಿನಲ್ಲಿದ್ದ ತಾಟುಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು, ಯಂತ್ರ ನಿಂತಾಗ ಆ ಸದ್ದು ನಿಂತು ಮನೆಯೇ ಕಿವುಡಾದಂತೆ ಆಗುತ್ತಿತ್ತು. ಗಾಳಿ ಈ ಕಡೆ ತಿರುಗಿದ ದಿನ ಒಗೆದು ಹಾಕಿದ ಬಟ್ಟೆ, ಕಿಟಕಿಯ ಸರಳು, ತುಳಸಿ ಕಟ್ಟೆ, ಅಜ್ಜಿಯ ಹುಬ್ಬು ಎಲ್ಲದರ ಮೇಲೂ ತೌಡಿನ ಪುಡಿ ಕೂತಿರುತ್ತಿತ್ತು. ಬಾಗಿಲು ದಾಟಿದರೆ ಮೊದಲು ಸಿಗುತ್ತಿದ್ದದ್ದು ಎಮ್ಮೆಗಳು, ಆಮೇಲೆ ಮನುಷ್ಯರು. ಎಡಗಡೆ ತಗ್ಗಿನಲ್ಲಿ ದನ ಕಟ್ಟುವ ಗ್ವಾದಲಿ, ಅಲ್ಲಿ ಎರಡು ಎಮ್ಮೆ. ಮೊಣಕಾಲೆತ್ತರ ಮೇಲೆ ಪಡಸಾಲೆ, ಅಲ್ಲಿ ನಾವು. ಪಡಸಾಲೆಯ ಅಂಚಿನಲ್ಲಿ ಕೂತು ಊಟ ಮಾಡಿದರೆ ಎಮ್ಮೆಯ ಮುಖ ನಮ್ಮ ಮುಖದ ಸಮಕ್ಕೆ ಬರುತ್ತಿತ್ತು. ನಾವು ಜೋಳದ ರೊಟ್ಟಿ ಮುರಿಯುವುದನ್ನು ಅದು, ಅದು ಮೆಲುಕು ಹಾಕುವುದನ್ನು ನಾವು ನೋಡುತ್ತಾ ಉಣ್ಣುತ್ತಿದ್ದೆವು.

ಮನೆಯಲ್ಲಿ ಐದು ಜನ. ಅಜ್ಜಿ, ಅಪ್ಪ, ಅವ್ವ, ಅಪ್ಪನ ತಂಗಿ ಗೌರತ್ತೆ, ನಾನು. ಗೌರತ್ತೆಯನ್ನು ಆನಗೋಡಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ ಅಂತ ಗಂಡ ಇನ್ನೊಬ್ಬಳನ್ನು ಮಾಡಿಕೊಂಡ ಮೇಲೆ ಒಂದು ತಗಡಿನ ಟ್ರಂಕು ಹಿಡಿದು ತವರಿಗೆ ಬಂದವಳು ಇಲ್ಲೇ ಉಳಿದಿದ್ದಳು. ನನ್ನ ಜಡೆ ಹೆಣೆಯುತ್ತಿದ್ದವಳು, ಸ್ಲೇಟು ಒರೆಸಿ ಕೊಡುತ್ತಿದ್ದವಳು, ನಾನು ಸುಳ್ಳು ಹೇಳಿದಾಗ ಮೂಗು ನೋಡಿಯೇ ಕಂಡುಹಿಡಿಯುತ್ತಿದ್ದವಳು ಅವಳೇ. ಅಪ್ಪ ಬೀಡಿ ಸೇದುತ್ತಿದ್ದ. ಮೂರೂ ಹೆಂಗಸರು ಎದ್ದಾಗಿನಿಂದ ಮಲಗುವವರೆಗೆ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಮೆಲ್ಲುತ್ತಿದ್ದರು. ಒಂದು ಹಿತ್ತಾಳೆಯ ಡಬ್ಬಿ ಮೂವರ ಕೈಯಲ್ಲೂ ಓಡಾಡುತ್ತಿತ್ತು. ಜಗಳವಾಡಿ ಮಾತು ಬಿಟ್ಟ ದಿನವೂ ಡಬ್ಬಿ ಮಾತ್ರ ಮಾತಿಲ್ಲದೆ ದಾಟುತ್ತಿತ್ತು. ಹೀಗಾಗಿ ಆ ಮನೆಯಲ್ಲಿ ಸುಣ್ಣ ತಾಗದ, ಹೊಗೆ ತಾಗದ ನಾಲಿಗೆ ಇದ್ದದ್ದು ಒಂದೇ, ನನ್ನದು. ತೌಡು ಕೊಳ್ಳುವ ಮುಂಚೆ ಅದರ ರುಚಿ ನೋಡುವ ಕೆಲಸ ಐದನೇ ವರ್ಷದಿಂದಲೇ ನನಗೆ ಬಂತು.

ನೋಡುವ ಕ್ರಮವನ್ನು ಅವ್ವ ಕಲಿಸಿದ್ದಳು. ಮೊದಲು ಒಂದು ಹಿಡಿ ತೌಡು ತೆಗೆದು ಗಟ್ಟಿಯಾಗಿ ಅಮುಕಿ ಕೈ ಬಿಚ್ಚಬೇಕು. ಬೆರಳಿನ ಗುರುತು ಹಾಗೇ ನಿಂತರೆ ಅದರಲ್ಲಿ ಎಣ್ಣೆ ಇದೆ, ಮರಳಿನಂತೆ ಉದುರಿದರೆ ಉಮಿ ಬೆರೆಸಿದ್ದಾರೆ. ಆಮೇಲೆ ಒಂದು ಚಿಟಿಕೆ ನಾಲಿಗೆಯ ಮೇಲೆ ಇಟ್ಟುಕೊಂಡು, ನುಂಗದೆ, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಬೇಕು. ಎಲ್ಲ ತೌಡೂ ಮೊದಲು ಸಿಹಿಯೇ. ಹೊಸ ಅಕ್ಕಿಯ ಬೆಚ್ಚನೆ ವಾಸನೆ, ಸಣ್ಣ ಸಿಹಿ. ಹಳೆಯ ತೌಡಿನ ಕಹಿ ತಡವಾಗಿ, ನಾಲಿಗೆಯ ತುದಿಗಲ್ಲ, ಗಂಟಲಿನ ಹತ್ತಿರ ಬರುತ್ತದೆ. ಐದಕ್ಕೋ ಏಳಕ್ಕೋ ಎಂಟಕ್ಕೋ. ಮಳೆಗಾಲದಲ್ಲಿ ತೌಡು ನಾಲ್ಕು ದಿನ ಕೂತರೂ ಸಾಕು, ಅದರ ಎಣ್ಣೆ ಕೆಡುತ್ತದೆ, ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ. ಅದಕ್ಕೇ ಮಿಲ್ಲಿಗೆ ಹೋಗುವ ದಿನ ನನಗೆ ತಿಂಡಿ ಇಲ್ಲ, ಹಲ್ಲಿಗೆ ಬೂದಿಯೂ ಇಲ್ಲ, ಬರೀ ನೀರಿನಲ್ಲಿ ಮುಕ್ಕಳಿಸಿದ ಖಾಲಿ ಬಾಯಿ.

ಮಿಲ್ಲಿನ ಅಂಗಳದಲ್ಲಿ ಏಳೆಂಟು ಹೆಂಗಸರು ಸಾಲಾಗಿ ಕೂತು ಜರಡಿ ಹಿಡಿಯುತ್ತಿದ್ದರು. ಆಗಿನ ಯಂತ್ರದಲ್ಲಿ ಉಮಿ, ನುಚ್ಚು, ತೌಡು ಎಲ್ಲಾ ಬೆರೆತೇ ಬರುತ್ತಿತ್ತು, ಜರಡಿ ಹಿಡಿದು ಬೇರೆ ಮಾಡಬೇಕು. ಅವರಲ್ಲಿ ಸಾಕಮ್ಮ ಅನ್ನುವವಳದು ದೊಡ್ಡ ಬಾಯಿ. ನಾನು ಅವ್ವನ ಸೆರಗು ಹಿಡಿದು ಗೇಟು ದಾಟುವುದೇ ತಡ, ಕೂಗುತ್ತಿದ್ದಳು.

"ಏಳ್ರೇ, ಏಳ್ರೇ, ತೌಡಿನ ಗೌಡ್ತಿ ಬಂದ್ಲು! ಸೆರಗು ಹೊಚ್ಚಿಕೊಳ್ರೇ!"

"ಗೌಡ್ತಿ, ಇವತ್ತು ನಮ್ಮ ತೌಡು ಪಾಸೋ ಫೇಲೋ?" ಅಂತ ಇನ್ನೊಬ್ಬಳು.

ನಾನು ನಗುತ್ತಿರಲಿಲ್ಲ. ಗುಮಾಸ್ತರು ಮೂಟೆಯ ಬಾಯಿ ಬಿಚ್ಚಿಸಿ ನನ್ನ ಕಡೆ ನೋಡುತ್ತಾ ನಿಂತಾಗ, ಹಿಂದೆ ಸರದಿಯಲ್ಲಿದ್ದ ದೊಡ್ಡವರೆಲ್ಲ ನಾನು ಎಣಿಸಿ ಮುಗಿಸುವವರೆಗೆ ಬಾಯಿ ಮುಚ್ಚಿ ಕಾಯುತ್ತಿದ್ದಾಗ, ನನಗೆ ಎಷ್ಟು ಹೆಮ್ಮೆಯಾಗುತ್ತಿತ್ತು ಅನ್ನುವುದನ್ನು ಈಗ ಒಪ್ಪಿಕೊಳ್ಳಬಹುದು. ಶಾಲೆಯಲ್ಲಿ ಮಗ್ಗಿ ತಪ್ಪುತ್ತಿದ್ದವಳು ನಾನು. ಮಿಲ್ಲಿನಲ್ಲಿ ತಪ್ಪಿರಲಿಲ್ಲ.

ನನಗೆ ಎಂಟು ತುಂಬಿದ ಮಳೆಗಾಲದಲ್ಲಿ ನಮ್ಮ ಕಮಲಿ ಎಮ್ಮೆ ಈಯಿತು. ಎರಡನೇ ಕರು, ಹೆಣ್ಣು. ಇನ್ನೊಂದು ಎಮ್ಮೆಯ ಹಾಲು ಆಗಲೇ ಬತ್ತಿತ್ತು. ಮೊದಲ ಹಾಲಿನ ಗಿಣ್ಣು ಕಾಯಿಸಿ ದೇವರ ಮುಂದೆ ಇಟ್ಟು, ಅಕ್ಕಪಕ್ಕದ ಮನೆಗೆ ಒಂದೊಂದು ಬಟ್ಟಲು ಕೊಟ್ಟು, ಆಮೇಲೆ ನಾವು ತಿಂದೆವು. ಗೌರತ್ತೆ ಗ್ವಾದಲಿಯಲ್ಲಿ ಕೂತು ಕರುವಿನ ಮೈ ಒರೆಸುತ್ತಾ ಕಮಲಿಯ ಕೆಚ್ಚಲು ನೋಡಿ ಬಾಯಿ ತುಂಬಾ ಹೇಳಿದಳು.

"ಅವ್ವಾ, ಎಷ್ಟು ಚಂದ ತುಂಬೈತೆ ನೋಡು! ಇದೊಂದೇ ಎಮ್ಮಿ ಹರಿಹರಕ್ಕೆಲ್ಲಾ ಸಾಕು."

"ಥೂ, ಬಾಯಿಗೆ ಬಂದಂಗೆ ಅನಬ್ಯಾಡ," ಅಂದಳು ಅಜ್ಜಿ.

ಆಗ ಅದು ಅಲ್ಲಿಗೇ ಮುಗಿಯಿತು. ಈದ ಎಮ್ಮೆಗೆ ಮೇವು ಹೆಚ್ಚು ಬೇಕು. ತೌಡು, ಹತ್ತಿಕಾಳು, ಶೇಂಗಾ ಹಿಂಡಿ, ಉಪ್ಪು ಸೇರಿಸಿ ನೆನೆಹಾಕಿ ಎರಡು ಹೊತ್ತು ಇಡಬೇಕು, ಅದರಲ್ಲಿ ಅರ್ಧಕ್ಕರ್ಧ ತೌಡೇ. ಮನೆಯ ಮೂಟೆ ಮುಗಿಯುತ್ತಾ ಬಂದಿತ್ತು. ವಾರ ಕಳೆದ ಮೇಲೆ ಅವ್ವ ನನ್ನನ್ನು ಕರೆದುಕೊಂಡು ಮಿಲ್ಲಿಗೆ ಹೋದಳು. ಗುಮಾಸ್ತರು ಒಳಗೆ ಇನ್ಯಾರ ಜೊತೆಗೋ ಮಾತಿನಲ್ಲಿದ್ದರು. ಅವ್ವ ಬಾಗಿಲಲ್ಲಿ ನಿಂತಳು, ನಾನು ಅಂಗಳದಲ್ಲಿ ಉಳಿದೆ. ಜರಡಿಯ ಹೆಂಗಸರು ತಿಂಡಿಗೆ ಕೂತಿದ್ದರು. ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ಖಾರ ಮಂಡಕ್ಕಿಯ ರಾಶಿ, ಪಕ್ಕದಲ್ಲಿ ಉಪ್ಪು ಸವರಿ ಸುಟ್ಟ ಹಸಿ ಮೆಣಸಿನಕಾಯಿ. ಬೆಳಗಿನಿಂದ ನನ್ನ ಹೊಟ್ಟೆಯಲ್ಲಿ ನೀರು ಬಿಟ್ಟು ಏನೂ ಇರಲಿಲ್ಲ.

"ಬಾರೇ ಗೌಡ್ತಿ, ಎರಡು ಕಾಳು ತಿನ್ನು," ಅಂದಳು ಸಾಕಮ್ಮ.

"ನಾ ತಿನ್ನಂಗಿಲ್ಲ. ತೌಡು ನೋಡ್ಬೇಕು."

"ಅಯ್ಯೋ, ಗುಮಾಸ್ತಪ್ಪ ಹೊರಗೆ ಬರೋದ್ರೊಳಗೆ ನಿನ್ ಮದುವಿ ಆಗ್ತೈತೆ. ತಿನ್ನೇ, ಬಾಯಿ ಒಣಗೈತೆ."

ಎಲ್ಲರೂ ನಕ್ಕರು. ನಾನು ಒಂದು ಹಿಡಿ ತಿಂದೆ, ಇನ್ನೊಂದು ಹಿಡಿ ತಿಂದೆ, ಒಂದು ಇಡೀ ಮೆಣಸಿನಕಾಯಿ ಕಚ್ಚಿದೆ. ಅಷ್ಟರಲ್ಲಿ ಒಳಗಿನಿಂದ ಅವ್ವ ಕೂಗಿದಳು. ಹೋಗುವ ಹೊತ್ತಿಗೆ ಮೂಟೆ ಬಿಚ್ಚಿತ್ತು, ಹಿಂದೆ ನಾಲ್ಕು ಜನ ನಿಂತಿದ್ದರು. ಹಿಡಿಯಲ್ಲಿ ಅಮುಕಿದೆ, ಬೆರಳಿನ ಗುರುತು ನಿಂತಿತು. ಚಿಟಿಕೆ ಬಾಯಿಗೆ ಹಾಕಿಕೊಂಡೆ. ಬಾಯಲ್ಲಿ ಬೆಂಕಿ ಬಿಟ್ಟು ಬೇರೇನೂ ಇರಲಿಲ್ಲ. ಎಣಿಸಿದೆ. ಹತ್ತಾಯಿತು. ಮಣ್ಣು ಹಾಕಿಕೊಂಡಿದ್ದರೂ ಅಷ್ಟೇ ಗೊತ್ತಾಗುತ್ತಿತ್ತು. ಅವ್ವ ಎಲೆಯನ್ನು ಒಂದು ದವಡೆಗೆ ಸರಿಸಿ ನನ್ನ ಮುಖ ನೋಡಿದಳು.

"ಹೆಂಗೈತೆ ಹಾಲಿ?"

ನನ್ನ ಹೆಸರು ಹಾಲಮ್ಮ. ಮನೆಯಲ್ಲಿ ಎಲ್ಲರೂ ಹಾಲಿ ಅನ್ನುತ್ತಿದ್ದರು.

"ಚಲೋ ಐತವ್ವ," ಅಂದೆ.

ಕಮಲಿ ಮೊದಲ ದಿನ ಅರ್ಧ ತಿಂದು ಬಿಟ್ಟಿತು. ಬಾಯಿಗೆ ಸೇರಲಿ ಅಂತ ಅಜ್ಜಿ ಬೆಲ್ಲ ಹಾಕಿಸಿದಳು. ಬೆಲ್ಲದ ಆಸೆಗೆ ಅದು ಪೂರ್ತಿ ತಿಂದಿತು. ಮೂರನೇ ದಿನ ಸಗಣಿ ನೀರಾಯಿತು, ಬೆಳಗಿನ ಹಾಲು ತಂಬಿಗೆಯ ಕುತ್ತಿಗೆಯಿಂದ ನಡುವಿಗೆ ಇಳಿಯಿತು. ಅವತ್ತು ಎದ್ದ ತಕ್ಷಣ, ಯಾರೂ ನೋಡದಾಗ, ನಾನು ಮೂಟೆಗೆ ಕೈ ಹಾಕಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಐದಕ್ಕೇ ಕಹಿ ಬಂತು. ಗಂಟಲಿಗೆ ಹತ್ತಿದ ಕಹಿ ಬೇಗ ಇಳಿಯಲಿಲ್ಲ. ಮಿಲ್ಲಿನಲ್ಲಿ ಹಳೆಯ ಮೂಟೆಯ ತೌಡನ್ನು ಹೊಸದರ ಜೊತೆ ಬೆರೆಸಿದ್ದರು, ಅದನ್ನು ಹಿಡಿಯುವುದಕ್ಕೇ ನಾನು ಇದ್ದದ್ದು. ಮೂಟೆಯ ಬಾಯಿ ಮೊದಲಿನಂತೆ ಮುಚ್ಚಿ ಬಂದು ಪಡಸಾಲೆಯಲ್ಲಿ ಕೂತೆ. ಹೇಳಲಿಲ್ಲ. ಹೊಡೆತದ ಭಯ ಇತ್ತು ನಿಜ, ಅದು ದೊಡ್ಡದಲ್ಲ. ಇನ್ನು ಯಾರೂ ನನ್ನನ್ನು ಮಿಲ್ಲಿಗೆ ಕರೆದುಕೊಂಡು ಹೋಗುವುದಿಲ್ಲ ಅನ್ನುವುದು ದೊಡ್ಡದಾಗಿತ್ತು.

ಅವತ್ತು ಮಧ್ಯಾಹ್ನ ಅಜ್ಜಿ ದೃಷ್ಟಿ ತೆಗೆದಳು. ಒಣ ಮೆಣಸಿನಕಾಯಿ, ಕಲ್ಲುಪ್ಪು, ಪೊರಕೆಯ ಕಡ್ಡಿ ಹಿಡಿದು ಕಮಲಿಯ ತಲೆಯಿಂದ ಬಾಲದವರೆಗೆ ಮೂರು ಸಲ ಇಳಿಸಿ ಹೊಸ್ತಿಲ ಹತ್ತಿರದ ಕೆಂಡಕ್ಕೆ ಹಾಕಿದಳು. ಘಾಟು ಬಂದು ಕೆಮ್ಮಿದರೆ ದೃಷ್ಟಿ ಇಲ್ಲ, ಘಾಟು ಬರದಿದ್ದರೆ ದೃಷ್ಟಿಯಾಗಿದೆ, ಇದು ನಮ್ಮ ಮನೆಯ ಲೆಕ್ಕ. ಗಾಳಿ ಒಳಗಿನಿಂದ ಹೊರಕ್ಕೆ ಬೀಸುತ್ತಿತ್ತು. ಒಳಗೆ ನಿಂತ ಯಾರಿಗೂ ಏನೂ ತಾಗಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದವಳು ನಾನೊಬ್ಬಳೇ. ಹೊಗೆ ನೇರ ನನ್ನ ಮೂಗಿಗೇ ಬಂತು. ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡೆ, ಕಣ್ಣಲ್ಲಿ ನೀರು ಬಂದರೂ ಕೆಮ್ಮಲಿಲ್ಲ. ಕೆಮ್ಮಿದ್ದರೆ ದೃಷ್ಟಿ ಇಲ್ಲ ಅಂತಾಗುತ್ತಿತ್ತು, ದೃಷ್ಟಿ ಇಲ್ಲ ಅಂದರೆ ಬೇರೆ ಕಾರಣ ಹುಡುಕುತ್ತಿದ್ದರು. ಎಂಟು ವರ್ಷದ ತಲೆಗೆ ಅಷ್ಟು ಹೊಳೆದಿತ್ತು. ದೃಷ್ಟಿ ಅಂದ ಮೇಲೆ ಅದು ಯಾರದಾದರೂ ಕಣ್ಣಿಗೆ ಅಂಟಲೇಬೇಕು ಅನ್ನುವುದು ಹೊಳೆದಿರಲಿಲ್ಲ.

ರೊಟ್ಟಿ ತಟ್ಟುವಾಗ ಅಜ್ಜಿ ಹೆಸರು ಹೇಳಲಿಲ್ಲ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಮಡಿಲು ತುಂಬದೋರು ಬಾಣಂತಿ ಎಮ್ಮಿ ಮುಂದೆ ಕೂಡಬಾರದು. ಅಷ್ಟು ತಿಳೀಬ್ಯಾಡ?"

ಗೌರತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ಆ ರೊಟ್ಟಿ ಮುಗಿಸಿ, ಬೇಯಿಸಿ, ಬುಟ್ಟಿಗೆ ಹಾಕಿ, ಆಮೇಲೆ ಕೈ ತೊಳೆದು ಹಿತ್ತಿಲಿಗೆ ಹೋದಳು. ಅವತ್ತಿನಿಂದ ಅವಳು ಗ್ವಾದಲಿಯ ಕಡೆ ಬರುವುದನ್ನು ಬಿಟ್ಟಳು. ಹೊರಗೆ ಹೋಗಬೇಕಾದರೂ ಹಿತ್ತಿಲ ಬಾಗಿಲಿನಿಂದ ಸುತ್ತು ಹಾಕಿ ಹೋಗುತ್ತಿದ್ದಳು. ಹಿತ್ತಾಳೆ ಡಬ್ಬಿಯನ್ನು ಅಜ್ಜಿ ತನ್ನ ಮಗ್ಗುಲಲ್ಲೇ ಇಟ್ಟುಕೊಂಡಳು. ಡಬ್ಬಿ ಗೌರತ್ತೆಯ ಕೈಗೆ ದಾಟದ ಮೊದಲ ಸಲ ಅದು. ಕಮಲಿಗೆ ಬೆಲ್ಲ ಹಾಕಿದ ತೌಡು ಎರಡು ಹೊತ್ತು ಬೀಳುತ್ತಲೇ ಇತ್ತು, ಹಾಲು ಇಳಿಯುತ್ತಲೇ ಇತ್ತು, ಕರು ಕೂಗುತ್ತಲೇ ಇತ್ತು. ದಿನವೂ ನಮ್ಮಲ್ಲಿ ವರ್ತನೆಗೆ ಹಾಲು ಹಾಕಿಸಿಕೊಳ್ಳುತ್ತಿದ್ದ ಮನೆಯವರು ಬೇರೆ ಕಡೆ ಕೊಳ್ಳತೊಡಗಿದರು. ಒಂದು ದಿನ ಅಪ್ಪ ಊಟದ ನಡುವೆ, ತಾಟು ನೋಡುತ್ತಾ, ಗೌರಿ ಒಂದಷ್ಟು ದಿನ ಆನಗೋಡಿಗೆ ಹೋಗಿ ಇದ್ದು ಬರಲಿ ಅಂದ. ಒಂದಷ್ಟು ದಿನ ಅಂದರೆ ಎಷ್ಟು ಅಂತ ಯಾರೂ ಕೇಳಲಿಲ್ಲ. ಅಲ್ಲಿ ಅವಳ ಗಂಡನ ಇನ್ನೊಬ್ಬ ಹೆಂಡತಿ ಇದ್ದಳು, ಆ ಮನೆಯಲ್ಲಿ ಗೌರತ್ತೆಗೆ ಇರಬಹುದಾದ ಜಾಗ ನೀರು ಸೇದುವ ಕಟ್ಟೆ ಒಂದೇ. ಅವಳು ಹೂಂ ಅಂದಳು. ಅವತ್ತು ಸಂಜೆ ನನ್ನ ಜಡೆ ಹೆಣೆಯುವಾಗ ಯಾವತ್ತಿನಂತೆ ಎಳೆದು ಬಿಗಿ ಮಾಡಲಿಲ್ಲ.

"ಅತ್ತೆ, ಯಾವಾಗ ಬರ್ತೀಯ?" ಅಂದೆ.

"ನಿನ್ನ ಎಮ್ಮಿ ಕೇಳು," ಅಂದಳು. ನನ್ನ ಮುಖ ತಿರುಗಿಸಿ ಮೂಗು ನೋಡಿದಳು. ಏನೋ ಕೇಳಬೇಕೆಂದವಳು ಕೇಳದೆ ರಿಬ್ಬನ್ ಕಟ್ಟಿದಳು.

ಮರುದಿನ ಬೆಳಿಗ್ಗೆ ಟ್ರಂಕಿಗೆ ಹಗ್ಗ ಕಟ್ಟಿ ಪಡಸಾಲೆಯಲ್ಲಿ ಇಟ್ಟಾಗಿತ್ತು. ಮನೆಯಿಂದ ಹೊರಡುವವರಿಗೆ ಮೊಸರನ್ನ ಹಾಕಿ ಕಳಿಸುವುದು ಪದ್ಧತಿ. ಎರಡು ಎಮ್ಮೆ ಕಟ್ಟಿದ ಮನೆಯಲ್ಲಿ ಮೊಸರಿಲ್ಲದೆ ಅವ್ವ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗಿ ಇಸಿದುಕೊಂಡು ಬಂದಳು. ಆ ಬಟ್ಟಲು ನೋಡಿದ ಮೇಲೆ ನನಗೆ ಕೂರಲು ಆಗಲಿಲ್ಲ. ಮೂಟೆಯ ಹತ್ತಿರ ಹೋಗಿ ಒಂದು ಹಿಡಿ ತೌಡು ತಂದು ಅವ್ವನ ಮುಂದೆ ಕೈ ಚಾಚಿ ನಿಂತೆ.

"ಬಾಯಿ ತೊಳ್ಕೊಂಡು ಇದನ್ನ ನೋಡವ್ವ."

"ಏನೇ ಇದು, ಹೊಂಟು ನಿಂತಾಗ?"

"ನೋಡವ್ವ. ಎಲಿ ಉಗುಳು. ಮೂರು ಸಲ ತೊಳ್ಕೊ."

ನನ್ನ ದನಿಯಲ್ಲಿ ಏನಿತ್ತೋ, ಅವ್ವ ಹಿತ್ತಿಲಿಗೆ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ ಬಂದು ಒಂದು ಚಿಟಿಕೆ ಹಾಕಿಕೊಂಡಳು. ನಾನು ಗಟ್ಟಿಯಾಗಿ ಎಣಿಸಿದೆ. ಎಂಟಕ್ಕೆ ಅವಳ ಮುಖ ಹುಳ್ಳಗಾಯಿತು. ಅಜ್ಜಿ ಎದ್ದು ತಾನೂ ಬಾಯಿ ತೊಳೆದು ಬಂದು ಅಂಗೈ ಚಾಚಿದಳು. ಅವಳಿಗೆ ಹತ್ತಾದರೂ ಏನೂ ಆಗಲಿಲ್ಲ, ಹನ್ನೆರಡಕ್ಕೆ ಕಣ್ಣು ಮುಚ್ಚಿ ಥೂ ಅಂತ ಉಗುಳಿದಳು. ಆಗ ನಾನು ಎಲ್ಲಾ ಹೇಳಿದೆ. ಮಂಡಕ್ಕಿ, ಮೆಣಸಿನಕಾಯಿ, ಮೂರನೇ ದಿನ ಕದ್ದು ನೋಡಿದ್ದು, ಕೆಮ್ಮು ಹಿಡಿದುಕೊಂಡದ್ದು. ಅಪ್ಪ ಕೈ ಎತ್ತಿದ. ಎತ್ತಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ತನ್ನ ತಲೆಯ ಮೇಲೇ ಇಟ್ಟುಕೊಂಡ. ಗೌರತ್ತೆ ಟ್ರಂಕಿನ ಮೇಲೆ ಕುಸಿದು ಕೂತಳು. ಅವಳು ಅಳುತ್ತಾಳೆ ಅಂತ ನಾನು ಕಾದೆ.

"ನಿನ್ನೆನೇ ಹೇಳಿದ್ರೆ ಈ ಹಗ್ಗ ಬಿಗಿಯೋದು ತಪ್ತಿತ್ತಲ್ಲೇ ಹಾಲಿ," ಅಂದಳು. "ಅಂಗೈ ಎಲ್ಲಾ ಕಿತ್ತು ಹೋಗೈತೆ ನೋಡು."

ಯಾರೂ ಕ್ಷಮೆ ಕೇಳಲಿಲ್ಲ. ಆ ಮನೆಯಲ್ಲಿ ಆ ರೂಢಿ ಇರಲಿಲ್ಲ. ಅಜ್ಜಿ ಹಿತ್ತಾಳೆ ಡಬ್ಬಿಯನ್ನು ನೆಲದ ಮೇಲೆ ಜಾರಿಸಿ ಟ್ರಂಕಿನವರೆಗೆ ತಳ್ಳಿದಳು.

"ಗೌರಿ, ತಂಬಿಗಿ ತಗಂಡು ಕಮಲಿ ಹತ್ರ ಹೋಗು. ಕರ ಕೂಗಾಕ್ಹತ್ತೈತೆ."

ಇಸಿದು ತಂದ ಮೊಸರನ್ನು ಐದೂ ಜನ ಒಂದೊಂದು ತುತ್ತು ಹಂಚಿಕೊಂಡು ಉಂಡೆವು. ಉಳಿದ ತೌಡನ್ನು ಅಪ್ಪ ತಿಪ್ಪೆಗೆ ಹಾಕಿದ. ಕಮಲಿ ಸುಧಾರಿಸಿತು, ಆದರೆ ಆ ಸೂಲಿನಲ್ಲಿ ಹಾಲು ಮೊದಲಿನ ಮಟ್ಟಕ್ಕೆ ಏರಲೇ ಇಲ್ಲ. ಗೌರತ್ತೆ ಸಾಯುವವರೆಗೆ ಆ ಮನೆಯಲ್ಲೇ ಇದ್ದಳು. ಆನಗೋಡಿನ ಬಸ್ಸು ಹತ್ತಲಿಲ್ಲ. ಅವ್ವ ನನಗೆ ಹೊಡೆಯಲೂ ಇಲ್ಲ, ನನ್ನನ್ನು ಕೆಲಸದಿಂದ ತೆಗೆಯಲೂ ಇಲ್ಲ. ಅವಳು ಹೇಳಿದ್ದು ಒಂದೇ ಮಾತು, ಅದೂ ಎರಡು ದಿನ ಬಿಟ್ಟು, ಹೊಸ ತೌಡು ತರಲು ಹೋಗುವಾಗ ಮಿಲ್ಲಿನ ಗೇಟಿನಲ್ಲಿ.

"ಬಾಯಿ ಸರಿ ಇಲ್ಲ ಅಂದ್ರೆ ಸರಿ ಇಲ್ಲ ಅನ್ನು. ಎಮ್ಮಿ ಒಂದಿನ ಹಸ್ಕಂಡಿರ್ಲಿ, ಸಾಯಲ್ಲ."

ಮದುವೆಯಾಗಿ ದಾವಣಗೆರೆಗೆ ಬಂದ ಮೇಲೆ ನಾನೂ ಎಮ್ಮೆ ಕಟ್ಟಿದೆ, ಮಗನನ್ನು ಓದಿಸಿದೆ, ಮಂಡಕ್ಕಿ ಭಟ್ಟಿಗೆ ಅಕ್ಕಿ ಮಾಡುವ ಮಿಲ್ಲುಗಳ ತೌಡು ತಂದು ಹಾಕಿದೆ. ಅದು ಭತ್ತ ಕುದಿಸಿ ಮಾಡಿದ ಅಕ್ಕಿಯ ತೌಡು, ಹಸಿ ತೌಡಿಗಿಂತ ಕಪ್ಪು, ಎಣ್ಣೆ ಹೆಚ್ಚು. ಚೈತ್ರ ಚಿಕ್ಕವಳಿದ್ದಾಗ ನಮ್ಮ ಕೊನೆಯ ಎಮ್ಮೆ ಇನ್ನೂ ಇತ್ತು. ಅವಳಿಗೆ ಅದೊಂದು ಆಟವಾಗಿತ್ತು. ಚಿಟಿಕೆ ಹಾಕಿಕೊಳ್ಳುವುದು, ಹತ್ತು ಎಣಿಸುವುದು, ನನ್ನ ಮುಖ ನೋಡುವುದು. ಗೌರತ್ತೆಯ ಟ್ರಂಕಿನ ಕಥೆಯನ್ನೂ ಹೇಳಿದ್ದೆ. ಅವಳು ಅದನ್ನು ಮರೆತಿದ್ದಾಳೆ ಅಂದುಕೊಂಡಿದ್ದೆ. ಪಶು ಆಹಾರದ ಓದು ಓದಿ, ಹರಿಹರದ ಆಚೆಯ ಕಾರ್ಖಾನೆಗೆ ಸೇರಿ ಅವಳಿಗೆ ಇನ್ನೂ ಆರು ತಿಂಗಳಾಗಿರಲಿಲ್ಲ. ಬಂದ ಮಾಲು ನೋಡಿ ಸಹಿ ಹಾಕುವುದು ಕೆಲಸ.

ನಾಲ್ಕು ದಿನದ ಹಿಂದೆ ಮನೆಗೆ ಬಂದವಳು ಚಪ್ಪಲಿ ಬಿಡದೆ ಬಾಗಿಲಲ್ಲೇ ಕೂತು ಹೇಳಿದಳು. ತೌಡಿನ ಲಾರಿ ಬಂತಂತೆ, ಜೊತೆಗೆ ಮಾಲು ಚೆನ್ನಾಗಿದೆ ಅಂತ ಕಳಿಸಿದವರದೇ ಪರೀಕ್ಷೆಯ ಕಾಗದ. ಸಹಿ ಹಾಕು, ಇಳಿಸೋಣ ಅಂದರಂತೆ ಸಾಹೇಬರು. ಅವತ್ತು ಕಾರ್ಖಾನೆಯಲ್ಲಿ ಯಾರದೋ ಹುಟ್ಟಿದ ಹಬ್ಬಕ್ಕೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದ್ದರು, ಇವಳು ಆಗಷ್ಟೇ ತಿಂದು ಕೈ ಒರೆಸಿಕೊಂಡಿದ್ದಳು.

"ನಾನು, ಸಾರ್, ನನ್ನ ಬಾಯಿ ಸರಿ ಇಲ್ಲ, ಒಂದು ತಾಸು ಬಿಟ್ಟು ನೋಡ್ತೀನಿ ಅಂದೆ ಅಜ್ಜಿ. ಎಲ್ಲಾ ನಕ್ಕುಬಿಟ್ರು. ಡ್ರೈವರ್ ಅಂತೂ, 'ಏನ್ ಮೇಡಮ್ಮಾರೇ, ತೌಡು ತಿನ್ನೋದು ನೀವೋ ದನಾನೋ' ಅಂದ."

"ನೀನೇನಂದಿ?"

"ಇವತ್ತು ನಾನು, ನಾಳೆ ದನ ಅಂದೆ. ಒಂದು ತಾಸು ಲಾರಿ ನಿಲ್ಲಿಸಿದೆ. ಆಮೇಲೆ ಬಾಯಿ ತೊಳ್ಕೊಂಡು ನೋಡಿದೆ, ಕಹಿ ಬಂತು. ಸಹಿ ಹಾಕಲ್ಲ ಅಂದೆ. ಲಾರಿ ತಿರುಗಿ ಹೋಯ್ತು. ಮೊದಲೇ ಒಂದು ಸಣ್ಣ ಚೀಲದಷ್ಟು ತೆಗೆದಿಟ್ಟು ಲ್ಯಾಬಿಗೆ ಕಳಿಸೀವಿ. ನಂದು ತಪ್ಪಾದ್ರೆ ನಾಳೆಯಿಂದ ಬರಬ್ಯಾಡ್ರಿ ಅಂದಾರೆ ಸಾರ್."

ಅವಳ ನಾಲಿಗೆ ಸರಿಯೋ ತಪ್ಪೋ ನನಗೆ ಗೊತ್ತಿರಲಿಲ್ಲ. ಬಾಯಿ ಸರಿ ಇಲ್ಲ ಅಂತ ಅಷ್ಟು ಜನರ ಮುಂದೆ, ಲಾರಿ ನಿಂತಿರುವಾಗ ಹೇಳಿದ್ದು ಗೊತ್ತಿತ್ತು. ಎಂಟು ವರ್ಷದವಳಾಗಿ ನಾಲ್ಕು ಜನರ ಮುಂದೆ ನನಗೆ ಹೇಳಲು ಆಗದ ಮಾತು ಅದು. ನಾಲ್ಕು ದಿನ ಅವಳು ಅರ್ಧ ರೊಟ್ಟಿಗೇ ಏಳುತ್ತಿದ್ದಳು.

ಇವತ್ತು ಸಂಜೆ ಮನೆ ತುಂಬಿತು. ಶಾಮನೂರಿನಿಂದ ಮಗಳು, ಅಳಿಯ ಬಂದರು. ಚೈತ್ರಳ ಅಪ್ಪ, ನನ್ನ ಮಗ ಬಸವರಾಜ, ಬರುವ ದಾರಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದ. ಸೊಸೆ ಸುಮಾ ಹೋಳಿಗೆ ಮಾಡಿದ್ದಳು, ಅವರೆಕಾಳಿನ ಸಾರೂ ಇತ್ತು. ಎಲ್ಲರೂ ನಡುಮನೆಯಲ್ಲಿ ನೆಲದ ಮೇಲೆ ಸುತ್ತಲೂ ಕೂತೆವು. ಚೈತ್ರ ಬ್ಯಾಗಿನಿಂದ ಒಂದು ಕಾಗದದ ಪೊಟ್ಟಣ ತೆಗೆದಳು.

"ಅದೇ ಲಾರೀದು ಅಜ್ಜಿ. ನಿಂಗೆ ಅಂತ ತಂದೆ. ಊಟಕ್ಕೆ ಮುಂಚೆ ನೋಡ್ತೀಯಾ?"

"ಊಟದ ಮನೇಲಿ ಏನಮ್ಮಾ ಇದು, ದನದ್ದು," ಅಂದ ಬಸವರಾಜ.

ನಾನು ಎದ್ದು ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿ ಬಂದೆ. ಹಿಡಿಯಲ್ಲಿ ಅಮುಕಿದೆ, ಗುರುತು ನಿಂತಿತು. ಚಿಟಿಕೆ ಹಾಕಿಕೊಂಡು ಎಣಿಸಿದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಏಳಕ್ಕೆ ಬಂತು, ಹರಿಹರದ ಅದೇ ಕಹಿ, ಅದೇ ಜಾಗಕ್ಕೆ.

"ನಿಂಗೆ ಎಷ್ಟಕ್ಕೆ ಬಂತೇ?" ಅಂದೆ.

"ಆರಕ್ಕೆ."

"ನಂಗೆ ಏಳಕ್ಕೆ. ನಿನ್ನ ಬಾಯಿ ನನ್ನದಕ್ಕಿಂತ ಚಲೋ ಐತೆ."

ಚೈತ್ರ ನಕ್ಕಳು, ಎರಡನೇ ಹೋಳಿಗೆಗೆ ತುಪ್ಪ ಕೇಳಿದಳು. ಅಳಿಯ ಡ್ರೈವರನ ಮಾತನ್ನು ಇನ್ನೊಮ್ಮೆ ಹೇಳಿಸಿ ಕೇಳಿ, ತುತ್ತು ನೆತ್ತಿಗೆ ಹತ್ತಿ ಕೆಮ್ಮಿದ. ಸುಮಾ ಬಜ್ಜಿಯ ತಟ್ಟೆಯನ್ನು ಒಂದು ಸುತ್ತು ದಾಟಿಸಿದಳು, ಅದು ಎಲ್ಲರ ಕೈಯಿಂದ ಕೈಗೆ ಬಂದು ನನ್ನ ಮುಂದೆ ನಿಂತಿತು. ಇನ್ನು ನೋಡಬೇಕಾದ ತೌಡು ಯಾವುದೂ ಉಳಿದಿರಲಿಲ್ಲ. ಇರುವುದರಲ್ಲೇ ದೊಡ್ಡ ಮೆಣಸಿನಕಾಯಿ ಆರಿಸಿ ಕಚ್ಚಿದೆ.